ವ್ಯಾಗನ್‌ಆರ್ ಸಿಎನ್‌ಜಿ: ಕೊಟ್ಟ ಹೆಚ್ಚುವರಿ ಹಣ ಎಷ್ಟು ಓಡಿಸಿದರೆ ಮರಳುತ್ತದೆ?

ಕಾರ್ಖಾನೆಯಲ್ಲೇ ಸಿಎನ್‌ಜಿ (ಒತ್ತಡದಲ್ಲಿ ತುಂಬಿದ ನೈಸರ್ಗಿಕ ಅನಿಲ) ಅಳವಡಿಸಿ ಕೊಡುವ ಮಾರುತಿ ವ್ಯಾಗನ್‌ಆರ್‌ಗೆ, ಅದೇ ದರ್ಜೆಯ ಪೆಟ್ರೋಲ್ ಕಾರಿಗಿಂತ ಸುಮಾರು 90 ಸಾವಿರ ರೂಪಾಯಿ ಹೆಚ್ಚು ತೆತ್ತಿದ್ದೇನೆ. ಉಳಿದ ಗುಣಾವಗುಣಗಳೇನೇ ಇರಲಿ, ಆ ಹಣ ಮರಳುತ್ತದೆಯೇ ಎಂಬುದೇ ಇಲ್ಲಿ ಮುಖ್ಯ.

ಕಂಪನಿ ಹೇಳುವ ಮೈಲೇಜ್ ಕೆಜಿಗೆ 34 ಕಿ.ಮೀ. ಬೆಂಗಳೂರಿನ ಸಿಗ್ನಲ್‌ಗಳ ನಡುವೆ ನನಗೆ ಸಿಗುತ್ತಿರುವುದು 26ರ ಆಸುಪಾಸು. ಪೆಟ್ರೋಲ್‌ಗೆ ಬದಲಾಯಿಸಿಕೊಂಡರೆ ಅದೇ ಕಾರು ಲೀಟರಿಗೆ 17 ಕಿ.ಮೀ. ಓಡುತ್ತದೆ. ಇದರಲ್ಲಿ ಎಂಜಿನ್ನಿನ ಹೆಚ್ಚುಗಾರಿಕೆಯೇನೂ ಇಲ್ಲ. ಒಂದು ಕೆಜಿ ಅನಿಲದಲ್ಲಿ ಹೆಚ್ಚುಕಡಿಮೆ ಒಂದೂವರೆ ಲೀಟರ್ ಪೆಟ್ರೋಲಿನಷ್ಟು ಶಕ್ತಿ ಇರುವುದರಿಂದ, ಕೆಜಿಯನ್ನೂ ಲೀಟರನ್ನೂ ಪಕ್ಕಪಕ್ಕ ಇಟ್ಟು ಬೆರಗಾಗುವುದಕ್ಕಿಂತ ಕಿಲೋಮೀಟರಿನ ಖರ್ಚು ನೋಡುವುದು ಮೇಲು. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಅನಿಲ ಕೆಜಿಗೆ 90 ರೂಪಾಯಿ ಎಂದು ಹಿಡಿದರೆ, ಕಿಲೋಮೀಟರಿಗೆ ಆರು ರೂಪಾಯಿ ತಗಲುತ್ತಿದ್ದ ಕಡೆ ಮೂರೂವರೆ ರೂಪಾಯಿ ಸಾಕಾಗುತ್ತದೆ. ಸಾಲದ ಬಡ್ಡಿಯನ್ನು ಬದಿಗಿಟ್ಟರೂ 35 ಸಾವಿರ ಕಿ.ಮೀ. ಓಡಿದ ಮೇಲಷ್ಟೇ ಹಾಕಿದ ಬಂಡವಾಳ ಹುಟ್ಟುತ್ತದೆ. ಟ್ಯಾಕ್ಸಿಯವರಿಗೆ ಇದು ಕೆಲವೇ ತಿಂಗಳ ಮಾತು. ಭಾನುವಾರ ಮಾತ್ರ ಕಾರು ತೆಗೆಯುವ ಕುಟುಂಬಕ್ಕೆ, ನೇರವಾಗಿ ಹೇಳುವುದಾದರೆ, ಇದು ದಂಡ.

ಬಿಲ್ಲಿನಲ್ಲಿ ಕಾಣದ ಖರ್ಚು ಬಂಕಿನಲ್ಲಿದೆ. ಸಿಲಿಂಡರ್ ಪೂರ್ತಿ ತುಂಬಬೇಕಾದರೆ 200 ಬಾರ್ ಒತ್ತಡ ಬೇಕು. ಸಂಜೆಯ ಹೊತ್ತು ಆಟೊಗಳ ಸಾಲಿನ ಹಿಂದೆ ಕಾದು, ಕಾರಿನಲ್ಲಿದ್ದವರೆಲ್ಲ ನಿಯಮದಂತೆ ಕೆಳಗಿಳಿದು ನಿಂತ ಮೇಲೆ, 'ಪ್ರೆಷರ್ ಕಮ್ಮಿ ಇದೆ ಸಾರ್, ಐದೂವರೆ ಕೆಜಿಗೇ ನಿಂತುಹೋಯ್ತು' ಎನ್ನುವ ಮಾತು ನನಗೆ ರೂಢಿಯಾಗಿದೆ. ಅರ್ಧಂಬರ್ಧ ತುಂಬಿದರೆ ದರದಲ್ಲಿ ನಷ್ಟವಿಲ್ಲ, ಆದರೆ ಮತ್ತೆ ಸಾಲಿನಲ್ಲಿ ನಿಲ್ಲುವ ದಿನ ಹತ್ತಿರವಾಗುತ್ತದೆ.

ಡಿಕ್ಕಿಯ ಬಹುಪಾಲನ್ನು ಸಿಲಿಂಡರೇ ನುಂಗಿದೆ. ಊರಿಗೆ ಹೊರಟಾಗ ಸೂಟ್‌ಕೇಸು ಹಿಂದಿನ ಸೀಟಿಗೆ ಬರುತ್ತದೆ. ಅನಿಲದಲ್ಲಿ ಓಡುವಾಗ ಶಕ್ತಿಯೂ ಕುಗ್ಗುವುದರಿಂದ, ನಾಲ್ವರನ್ನು ಕೂರಿಸಿಕೊಂಡು ಫ್ಲೈಓವರ್ ಏರುವಾಗ ಗೇರ್ ಇಳಿಸಲೇಬೇಕು. ಪೇಟೆಯ ಓಡಾಟಕ್ಕೆ ಮಾತ್ರ ಎಂಜಿನ್ ಸದ್ದಿಲ್ಲದೆ, ನಯವಾಗಿ ಸಾಗುತ್ತದೆ.

ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಹೈಡ್ರೋ ಟೆಸ್ಟ್, ಅಂದರೆ ನೀರು ತುಂಬಿ ಒತ್ತಡ ಹಾಕಿ ಅದರ ಗಟ್ಟಿತನ ನೋಡುವ ಪರೀಕ್ಷೆ, ಕಡ್ಡಾಯ. ಸೆಕೆಂಡ್ ಹ್ಯಾಂಡ್ ಸಿಎನ್‌ಜಿ ಕಾರು ನೋಡುತ್ತಿರುವವರು ಓಡೋಮೀಟರ್ ನೋಡುವ ಮೊದಲೇ ಆ ಪ್ರಮಾಣಪತ್ರದ ತಾರೀಕು ಕೇಳಿಕೊಳ್ಳಲಿ.