ಹಸ್ತಪ್ರತಿ ಯಾರ ಕೈಗೆ ಕೊಡೋದು? ನಾನು ಕಂಡ ದಾರಿಗಳು

ಕಥೆಗಳು ಬರೆದಾಗಿದೆ, ಕೆಲವು ಪತ್ರಿಕೆಗಳಲ್ಲೂ ಬಂದಿವೆ, ಈಗ ಸಂಕಲನ ತರಬೇಕು. ಯಾರಿಗೆ ಕೊಡುವುದು? ನನ್ನ ಮೊದಲ ಕಥಾ ಸಂಕಲನಕ್ಕಾಗಿ ಬೇರೆ ಬೇರೆ ಥರದ ಪ್ರಕಾಶನಗಳ ಬಾಗಿಲು ತಟ್ಟಿದೆ. ಆಮೇಲೆ ಅಪ್ಪನ ಮೇಷ್ಟರಗಿರಿಯ ನೆನಪುಗಳನ್ನು ನಾನೇ ಪುಸ್ತಕ ಮಾಡಿದೆ. ಹಾಗಾಗಿ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಹೇಳಬಲ್ಲೆ. ನಾನು ನೋಡುವುದು ಎರಡೇ: ಹಸ್ತಪ್ರತಿಯನ್ನು ಯಾರಾದರೂ ಕೂತು ಓದಿ ತಿದ್ದುತ್ತಾರಾ, ಅಚ್ಚಾದ ಪುಸ್ತಕ ಗುರುತಿಲ್ಲದ ಓದುಗರ ಕೈಗೂ ಸೇರುತ್ತಾ. ದುಡ್ಡಿನ ಮಾತು ಆಮೇಲೆ.

ಮೊದಲು ಸ್ಪರ್ಧೆ. ಹೊಸ ಕಥೆಗಾರರಿಗೆ ಛಂದ ಪುಸ್ತಕದ ಹಸ್ತಪ್ರತಿ ಸ್ಪರ್ಧೆ ಗೊತ್ತೇ ಇರುತ್ತದೆ. ಕಥೆಗಾರ ವಸುಧೇಂದ್ರ ಕಟ್ಟಿದ ಪ್ರಕಾಶನ ಅದು. ಇನ್ನೂ ಒಂದೂ ಕಥಾ ಸಂಕಲನ ತರದವರಿಗೆ ಈ ಸ್ಪರ್ಧೆ, ಗೆದ್ದರೆ ಬಹುಮಾನದ ಜೊತೆ ಪುಸ್ತಕವನ್ನೂ ಅವರೇ ತರುತ್ತಾರೆ. ನನಗೆ ಬಹುಮಾನ ಬರಲಿಲ್ಲ. ಆದರೂ ಕಳಿಸಿ ಅಂತಲೇ ಹೇಳುತ್ತೇನೆ, ಯಾಕೆಂದರೆ ಕೊನೆಯ ದಿನಾಂಕ ಅಂತ ಒಂದಿದ್ದರೆ ಕಥೆಗಳ ಕ್ರಮ, ಶೀರ್ಷಿಕೆ ಎಲ್ಲ ಕೂತು ತೀರ್ಮಾನ ಮಾಡಲೇಬೇಕಾಗುತ್ತದೆ. ಕಾದಂಬರಿ, ಪ್ರಬಂಧದವರಿಗೆ ಮಾತ್ರ ಈ ದಾರಿ ಇಲ್ಲ.

ಇನ್ನು ಹಳೆಯ, ಹೆಸರುವಾಸಿ ಪ್ರಕಾಶನಗಳು. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾದದ್ದು. ಹೆಗ್ಗೋಡಿನ ಅಕ್ಷರ ಪ್ರಕಾಶನ ಕೆ.ವಿ. ಸುಬ್ಬಣ್ಣ ಕಟ್ಟಿದ್ದು. ಇಂಥ ಹೆಸರು ಇದ್ದರೆ ಗೊತ್ತಿಲ್ಲದ ಲೇಖಕರ ಪುಸ್ತಕವನ್ನೂ ಜನ ನಂಬಿ ಕೈಗೆತ್ತಿಕೊಳ್ಳುತ್ತಾರೆ, ಅದೇನೂ ಸಣ್ಣ ವಿಷಯ ಅಲ್ಲ. ನಾನು ಕಳಿಸಿದ್ದು ಬೇರೊಂದು ಹಳೆಯ ಸಂಸ್ಥೆಗೆ. ಮಳೆಗಾಲಕ್ಕೆ ಮುಂಚೆ ಕಳಿಸಿದ್ದಕ್ಕೆ ದೀಪಾವಳಿ ಕಳೆದ ಮೇಲೆ ಉತ್ತರ ಬಂತು: ಕಥೆಗಳು ಚೆನ್ನಾಗಿವೆ, ಆದರೆ ಮುಂದಿನ ವರ್ಷದ ಪಟ್ಟಿಯೂ ತುಂಬಿದೆ. ಕಾಯುವ ತಾಳ್ಮೆ ಇದ್ದವರು ಪ್ರಯತ್ನಿಸಬಹುದು.

ಖರ್ಚು ಲೇಖಕರಿಂದಲೇ ಪಡೆಯುವ ಪ್ರಕಾಶನ ಇದಕ್ಕೆ ಪೂರ್ತಿ ಉಲ್ಟಾ. ಫೋನ್ ಮಾಡಿದ ಮಾರನೇ ದಿನವೇ ಒಪ್ಪಿಕೊಂಡರು, ಒಂದು ಕಥೆಯನ್ನೂ ಓದದೆ. ಮುದ್ರಣದ ಖರ್ಚು ಕೊಡಿ, ಇಲ್ಲ ಅಂದ್ರೆ 200 ಪ್ರತಿ ನೀವೇ ಕೊಂಡುಕೊಳ್ಳಿ ಅನ್ನುವುದು ಷರತ್ತು. ಮಾದರಿಗೆ ಅಂತ ಒಂದು ಕಥೆಯ ಪುಟ ಕಟ್ಟಿ ಕಳಿಸಿದರು. ನಾನು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಹಳೆಯ ಫಾಂಟಿಗೆ ಬದಲಾಯಿಸಿ, ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್‌ಗೆ ಹಾಕಿದ್ದರು. ಅರ್ಕಾವತ್ತು ಬರುವ ಕಡೆಯೆಲ್ಲ ಎಡವಟ್ಟು. ‘ವರ್ಷ’ ಹೋಗಿ ‘ವಷರ್’ ಆಗಿತ್ತು, ‘ಸೂರ್ಯ’ ಹೋಗಿ ‘ಸೂಯರ್’. ಮೊದಲ ಪುಟದಲ್ಲೇ ಇವೆರಡೂ ಇದ್ದವು, ಅಂದ್ರೆ ಕಳಿಸುವ ಮುಂಚೆ ಯಾರೂ ಕಣ್ಣಾಡಿಸಿಯೂ ಇಲ್ಲ. ನನಗೆ ನಿಜಕ್ಕೂ ಬೇಜಾರಾಯಿತು. ಇಂಥ ವ್ಯವಹಾರ ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಿರಲಿ: ಅಚ್ಚಿನ ದುಡ್ಡು ಲೇಖಕರಿಂದ ಬಂತು, ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಪುಸ್ತಕ ಆಯ್ಕೆಯಾದರೆ ಇನ್ನಷ್ಟು ಪ್ರತಿ ಅಲ್ಲಿಗೆ ಹೋಯಿತು, ಅಲ್ಲಿಗೆ ಅವರ ಲೆಕ್ಕ ಚುಕ್ತಾ. ಅಂಗಡಿಗೆ ಹೊತ್ತು ಓದುಗರನ್ನು ಹುಡುಕುವ ಅಗತ್ಯವೇ ಬೀಳುವುದಿಲ್ಲ, ಅಲ್ವಾ?

ಕೊನೆಗೆ ಪುಸ್ತಕ ತಂದದ್ದು ಜಿಲ್ಲಾ ಕೇಂದ್ರವೊಂದರಲ್ಲಿ ಗಂಡ ಹೆಂಡತಿ ಇಬ್ಬರೇ ನಡೆಸುವ ಸಣ್ಣ ಪ್ರಕಾಶನ. ವರ್ಷಕ್ಕೆ ಬೆರಳೆಣಿಕೆಯ ಪುಸ್ತಕ ಮಾಡುತ್ತಾರೆ. ಹಸ್ತಪ್ರತಿ ವಾಪಸ್ ಬಂದಾಗ ಪುಟದ ತುಂಬ ಪೆನ್ಸಿಲ್ ಗುರುತು. ಒಂದು ಕಥೆಯ ಕೊನೆಯ ಪ್ಯಾರಾಕ್ಕೆ ಗೆರೆ ಎಳೆದು ಪಕ್ಕದಲ್ಲಿ ‘ಇದು ಹಿಂದಿನ ಸಾಲಲ್ಲೇ ಗೊತ್ತಾಯ್ತಲ್ಲ’ ಅಂತ ಬರೆದಿದ್ದರು. ಇನ್ನೊಂದರಲ್ಲಿ ಹಾಸನದ ಕಡೆಯ ಅಜ್ಜಿ ನಡುವೆ ಎಲ್ಲೋ ಪುಸ್ತಕದ ಕನ್ನಡ ಮಾತಾಡಿದ್ದನ್ನೂ ಹಿಡಿದಿದ್ದರು. ಎರಡು ಕಥೆ ಬಿಡಿ ಅಂದರು. ಒಂದನ್ನು ಬಿಟ್ಟೆ, ಇನ್ನೊಂದನ್ನು ವಾದ ಮಾಡಿ ಉಳಿಸಿಕೊಂಡೆ. 500 ಪ್ರತಿ ಹಾಕಿದರು. ನನ್ನಿಂದ ಪೈಸೆ ಕೇಳಲಿಲ್ಲ, ಗೌರವಧನ ಶೇ. 10, ಅದರಲ್ಲಿ ಅರ್ಧ ಪುಸ್ತಕದ ರೂಪದಲ್ಲಿ. ಹೇಳಿದ ತಿಂಗಳಿಗೆ ಬರಲಿಲ್ಲ, ತಡವಾಯಿತು, ಅದು ನಿಜ. ಆದರೆ ಬೆಂಗಳೂರಿಗೆ ಬಂದಾಗೆಲ್ಲ ಗಾಂಧಿ ಬಜಾರಿನ ಅಂಗಡಿಗೆ ಬ್ಯಾಗಲ್ಲಿ ಪ್ರತಿ ಹೊತ್ತು ತಂದರು, ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ಎದುರಿಗೇ ಜೋಡಿಸಿದರು. ನಾನು ಯಾವತ್ತೂ ಕಾಲಿಡದ ಊರುಗಳಿಂದ ಓದುಗರ ಫೋನ್ ಬಂದದ್ದು ಅವರ ಓಡಾಟದಿಂದಲೇ.

ಸ್ವಂತ ಪ್ರಕಟಣೆ ಅಪ್ಪನ ಪುಸ್ತಕಕ್ಕೆ ಸರಿಯಾಗಿ ಹೊಂದಿತು. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಕಿಲ್ಲ, ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆಯಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಲೇಖಕರಿಗೇ ಕೊಡುತ್ತಾರೆ. ಡಿಜಿಟಲ್ ಮುದ್ರಣದಲ್ಲಿ 100 ಪ್ರತಿ ಮಾಡಿಸಿದರೂ ನಡೆಯುತ್ತದೆ, ಹೆಚ್ಚು ಪ್ರತಿಗೆ ಬಳಸುವ ಆಫ್‌ಸೆಟ್ ಮುದ್ರಣಕ್ಕಿಂತ ಪ್ರತಿಯೊಂದಕ್ಕೆ ಖರ್ಚು ಜಾಸ್ತಿ ಅಷ್ಟೇ. ಕರಡು ತಿದ್ದುವುದು, ಮುಖಪುಟ, ಪ್ಯಾಕಿಂಗ್, ಅಂಚೆ ಎಲ್ಲ ನಮ್ಮದೇ. 2024ರ ಡಿಸೆಂಬರ್‌ನಲ್ಲಿ ಅಂಚೆ ಇಲಾಖೆ ಕಡಿಮೆ ದರದಲ್ಲಿ ಪುಸ್ತಕ ಕಳಿಸುವ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಲಿಸಿದಾಗ ಸಣ್ಣ ಪ್ರಕಾಶಕರೆಲ್ಲ ಯಾಕೆ ಅಷ್ಟು ಕಂಗಾಲಾದರು ಅನ್ನುವುದು, ಕೈಯಲ್ಲಿ ಪಾರ್ಸೆಲ್ ಹಿಡಿದು ನಿಂತಾಗ ಅರ್ಥವಾಗುತ್ತದೆ. ಅಪ್ಪನ ಶಿಷ್ಯರು, ನೆಂಟರು ಎಲ್ಲ ಪ್ರತಿ ಕೊಂಡರು. ಅಲ್ಲಿಂದಾಚೆ ಪುಸ್ತಕ ಹೋಗಲಿಲ್ಲ. ಒಂದೇ ಪುಸ್ತಕ ಇರುವ ಪ್ರಕಾಶಕರ ಜೊತೆ ಲೆಕ್ಕ ಇಟ್ಟುಕೊಳ್ಳಲು ಅಂಗಡಿಯವರಿಗೂ ಕಷ್ಟ.

ಸಣ್ಣ ಪ್ರಕಾಶನ ಹುಡುಕುವವರು ಸುಮ್ನೆ ಪಟ್ಟಿ ಕೇಳಬೇಡಿ. ಅವರ ಎರಡು ಪುಸ್ತಕ ಕೊಂಡು ಹಕ್ಕುಗಳ ವಿವರ ಇರುವ ಪುಟ ನೋಡಿ. ಎಷ್ಟನೇ ಮುದ್ರಣ, ಎಷ್ಟು ಪ್ರತಿ, ಹಕ್ಕು ಲೇಖಕರದ್ದೋ ಪ್ರಕಾಶಕರದ್ದೋ, ಎಷ್ಟೋ ಪುಸ್ತಕಗಳಲ್ಲಿ ಕಾಗದ ಎಷ್ಟು ಜಿಎಸ್‌ಎಂ (ಕಾಗದ ಎಷ್ಟು ದಪ್ಪ, ತೂಕದ್ದು ಅನ್ನುವ ಅಳತೆ) ಅನ್ನುವುದೂ ಅಲ್ಲೇ ಇರುತ್ತದೆ. ಆಮೇಲೆ ನಡುವಿನ ಹತ್ತು ಪುಟ ಓದಿ. ಕಾಗುಣಿತದ ತಪ್ಪು ಎದ್ದು ಕಂಡರೆ ನಿಮ್ಮ ಹಸ್ತಪ್ರತಿಗೂ ಅದೇ ಗತಿ. ಸಾಧ್ಯವಾದರೆ ಆ ಲೇಖಕರಿಗೇ ಫೋನ್ ಮಾಡಿ, ಗೌರವಧನ ಬಂತಾ ಅಂತ ನೇರವಾಗಿ ಕೇಳಿ.

ನನ್ನ ಎರಡನೇ ಸಂಕಲನವೂ ಆ ಗಂಡ ಹೆಂಡತಿಗೇ. ಇ-ಪುಸ್ತಕ, ಆಡಿಯೋ ಹಕ್ಕು ಮಾತ್ರ ಈ ಸಲ ಒಪ್ಪಂದದಲ್ಲಿ ಬೇರೆ ಬೇರೆಯಾಗಿ ಬರೆಸಿಕೊಳ್ಳುತ್ತೇನೆ, ಅದಕ್ಕೆ ಅವರೂ ಒಪ್ಪಿದ್ದಾರೆ.