ಪೆನ್ನಿನ ಇನ್ಸುಲಿನ್, ಕೆಂಪು ಮುಚ್ಚಳದ ಸಿರಿಂಜು: 20 ಬರೆದು 50 ಕೊಟ್ಟ ಕಥೆ

ಕಾಲಿನ ಹುಣ್ಣಿಗೆಂದು ಅಡ್ಮಿಟ್ ಆದ, ಅರವತ್ತು ದಾಟಿದ ಶುಗರ್ ರೋಗಿ. ರಾತ್ರಿ ಹತ್ತಕ್ಕೆ ಗ್ಲಾರ್ಜಿನ್ ಎಂಬ ಇನ್ಸುಲಿನ್ 20 ಯೂನಿಟ್ ಆರ್ಡರ್ ಇತ್ತು. ಮನೆಯವರು ಪೆನ್ ತಂದಿದ್ದರು, ಅದರ ಸೂಜಿ ಮರೆತಿದ್ದರು. ವಾರ್ಡಿನಲ್ಲೂ ಪೆನ್ ಸೂಜಿ ಸ್ಟಾಕ್ ಇರಲಿಲ್ಲ. ಸಿಸ್ಟರ್ ಟ್ರೇಯಲ್ಲಿದ್ದ ಕೆಂಪು ಮುಚ್ಚಳದ ಇನ್ಸುಲಿನ್ ಸಿರಿಂಜನ್ನೇ ಪೆನ್ನಿನೊಳಗೆ ಇನ್ಸುಲಿನ್ ತುಂಬಿರುವ ಕೊಳವೆಗೆ, ಅಂದರೆ ಕಾರ್ಟ್ರಿಜ್‌ಗೆ ಚುಚ್ಚಿ, 20ರ ಗೆರೆವರೆಗೆ ಎಳೆದು ಕೊಟ್ಟರು. ಚಾರ್ಟಿನಲ್ಲಿ 20 ಎಂದು ಬರೆದರು. ಮೈಗೆ ಹೋದದ್ದು 50.

ಲೆಕ್ಕ ಸರಳ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುತ್ತದೆ. ಕೆಂಪು ಮುಚ್ಚಳದ ಸಿರಿಂಜಿನ ಗೆರೆಗಳು ಆ ಬಾಟಲಿಗೆಂದೇ ಹಾಕಿದವು. ಪೆನ್ನಿನ ಕಾರ್ಟ್ರಿಜ್‌ನಲ್ಲಿ ಎಂಎಲ್‌ಗೆ 100 ಯೂನಿಟ್. ಕೆಂಪು ಸಿರಿಂಜಿನ 20ರ ಗೆರೆ ಎಂದರೆ ಅರ್ಧ ಎಂಎಲ್. ಬಾಟಲಿಯಿಂದ ಎಳೆದರೆ ಅದು 20 ಯೂನಿಟ್, ಕಾರ್ಟ್ರಿಜ್‌ನಿಂದ ಎಳೆದರೆ 50. ಎರಡೂವರೆ ಪಟ್ಟು! ತಿರುವುಮುರುವಾದರೂ ತೊಂದರೆಯೇ: ಕಿತ್ತಳೆ ಮುಚ್ಚಳದ, ಅಂದರೆ 100ರ ಸಿರಿಂಜಿನಲ್ಲಿ 40ರ ಬಾಟಲಿಯಿಂದ 20ರ ಗೆರೆವರೆಗೆ ಎಳೆದರೆ ಬರುವುದು 8 ಯೂನಿಟ್ ಮಾತ್ರ. ಅಲ್ಲಿ ಶುಗರ್ ಇಳಿದು ಯಾರೂ ಬೆವರುವುದಿಲ್ಲ, ಶುಗರ್ ಮೆಲ್ಲಗೆ ಏರುತ್ತದೆ, ಆದ್ದರಿಂದ ಪತ್ತೆಯಾಗುವುದೂ ತಡ.

ಬೆಳಗಿನ ಜಾವ ಮೂರೂವರೆಗೆ ರೋಗಿಯ ಅಂಗಿ ಒದ್ದೆ, ಮಾತು ತೊದಲು. ಗ್ಲುಕೋಮೀಟರ್ 38 ತೋರಿಸಿತು. ಡ್ಯೂಟಿ ಡಾಕ್ಟರ್ 25 ಪರ್ಸೆಂಟ್ ಡೆಕ್ಸ್‌ಟ್ರೋಸ್ ಹಾಕಿಸಿದರು, ಎಚ್ಚರವಾಯಿತು. ಏಳು ಗಂಟೆಗೆ ಮತ್ತೆ 52. ಗ್ಲಾರ್ಜಿನ್ ಇಡೀ ದಿನ ಕೆಲಸ ಮಾಡುವ ಇನ್ಸುಲಿನ್, ಒಂದು ಸಲ ಗ್ಲುಕೋಸ್ ಹಾಕಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಕೇಸ್ ಶೀಟಿನಲ್ಲಿ ಮಾತ್ರ ಬಂದದ್ದು ಇಷ್ಟೇ: ‘ರಾತ್ರಿ ಊಟ ಕಡಿಮೆ, ಶುಗರ್ ಇಳಿದಿದೆ.’

ನಿಜವಾದ ಅನಾಹುತ ಶುರುವಾದದ್ದು ಆ ಒಂದು ಸಾಲಿನಿಂದ. ರೌಂಡ್ಸಿಗೆ ಬಂದ ಡಾಕ್ಟರ್ ಚಾರ್ಟ್ ನಂಬಿ 20ನ್ನು 14 ಮಾಡಿದರು. ಅದೇ ಸಿರಿಂಜು, ಅದೇ ಕಾರ್ಟ್ರಿಜ್; ಹೋದದ್ದು 35. ಮತ್ತೆ ಇಳಿಯಿತು. 10ಕ್ಕೆ ತಂದರು, ಹೋದದ್ದು 25, ಶುಗರ್ ಹದಕ್ಕೆ ಬಂತು. ‘ಇವರಿಗೆ 10 ಸಾಕು’ ಎಂದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದು ಮನೆಗೆ ಕಳಿಸಿದರು. ಮನೆಯಲ್ಲಿ ಪೆನ್ನಿಗೆ ಸೂಜಿ ಸಿಕ್ಕಿತು, 10 ಎಂದು ತಿರುಗಿಸಿದರೆ ಸರಿಯಾಗಿ 10 ಹೋಯಿತು. ಎರಡು ವಾರಕ್ಕೆ ಶುಗರ್ 300 ದಾಟಿ, ವಾಸಿಯಾಗುತ್ತಿದ್ದ ಹುಣ್ಣು ಮತ್ತೆ ಕೀವಾಯಿತು. ಆಸ್ಪತ್ರೆಯಲ್ಲಿ ಓವರ್‌ಡೋಸ್, ಮನೆಯಲ್ಲಿ ಅಂಡರ್‌ಡೋಸ್. ಎರಡಕ್ಕೂ ಬೇರು ಒಂದೇ.

ಸುಳಿವು ಕಣ್ಣೆದುರೇ ಇತ್ತು. 3 ಎಂಎಲ್ ಕಾರ್ಟ್ರಿಜ್‌ನಲ್ಲಿ 300 ಯೂನಿಟ್. ದಿನಕ್ಕೆ 20ರಂತೆ ಹದಿನೈದು ದಿನ ಬರಬೇಕು, 50ರಂತೆ ಆರೇ ದಿನ. ಪೆನ್ ಬೇಗ ಬೇಗ ಖಾಲಿಯಾಗುತ್ತಿದ್ದರೆ ಯಾಕೆಂದು ಕೇಳಿ. ಸಿರಿಂಜು ಚುಚ್ಚಿ ಎಳೆದ ಕಾರ್ಟ್ರಿಜ್‌ಗೆ ಗಾಳಿ ಸೇರಿ, ಆಮೇಲೆ ಪೆನ್ನಿನಲ್ಲಿ ಕೊಡುವ ಅಳತೆಯೂ ಕೆಡುತ್ತದೆ.

ಅಡ್ಮಿಟ್ ಆಗುವಾಗ ಪೆನ್ ಜೊತೆ ಸೂಜಿಯ ಡಬ್ಬಿಯನ್ನೂ ಒಯ್ಯಿರಿ. ಮೆಡಿಕಲ್ ಶಾಪಿನಲ್ಲಿ ‘ಇನ್ಸುಲಿನ್ ಸಿರಿಂಜು ಕೊಡಿ’ ಎಂದಷ್ಟೇ ಕೇಳಬೇಡಿ, ‘ನಲವತ್ತರದು’ ಅಥವಾ ‘ನೂರರದು’ ಎಂದು ಹೇಳಿ; ಬಾಟಲಿ ತೋರಿಸಿದರೆ ಇನ್ನೂ ಒಳ್ಳೆಯದು. ಮುಚ್ಚಳ ಕಸದ ಬುಟ್ಟಿ ಸೇರಿದ ಮೇಲೆ ಬಣ್ಣ ನೆನಪಿರುವುದಿಲ್ಲ, ಸಿರಿಂಜಿನ ಮೈಮೇಲಿನ ಅಂಕಿಯನ್ನೇ ಓದಿ. 100ರ ಇನ್ಸುಲಿನ್ ಬಾಟಲಿಯಲ್ಲೂ ಬರುತ್ತದೆ, ಹಾಗಾಗಿ ‘ಬಾಟಲಿ ಅಂದರೆ 40’ ಎಂದು ಕಣ್ಣುಮುಚ್ಚಿ ನಂಬುವಂತಿಲ್ಲ. ಅಮೆರಿಕದ ಮಕ್ಕಳ ಮನೆಗೆ ಇಲ್ಲಿಂದ 40ರ ಬಾಟಲಿ ಒಯ್ಯುವ ಅಪ್ಪ ಅಮ್ಮಂದಿರು ಸಿರಿಂಜನ್ನೂ ಇಲ್ಲಿಂದಲೇ ಒಯ್ಯಬೇಕು, ಅಲ್ಲಿನ ಅಂಗಡಿಯಲ್ಲಿ ಸಿಗುವುದು 100ರದು. ಇನ್ನು ಬರೆಯುವವರಿಗೆ: 10ರ ಮುಂದೆ ಇಂಗ್ಲಿಷಿನ ‘ಯು’ ಅಕ್ಷರ ಹಾಕಬೇಡಿ. ಅವಸರದ ಕೈಬರಹದಲ್ಲಿ ಅದು ಸೊನ್ನೆಯಂತೆ ಕಂಡು 10 ಎಂಬುದು 100 ಆಗಿಬಿಡುತ್ತದೆ. ‘ಯೂನಿಟ್’ ಎಂದು ಪೂರ್ತಿ ಬರೆಯಿರಿ.

ಶುಗರ್ 70ಕ್ಕಿಂತ ಕೆಳಗಿಳಿದು, ರೋಗಿಗೆ ಎಚ್ಚರವಿದ್ದು ನುಂಗಲು ಬರುವಂತಿದ್ದರೆ, ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ.

ಇಂಥದ್ದು ವರದಿಯಾಗುವುದಿಲ್ಲ ಏಕೆ? ಬರೆದ ಸಿಸ್ಟರ್‌ಗೇ ಮೆಮೊ ಸಿಗುತ್ತದೆ, ಅಷ್ಟೇ. ಮೆಮೊ ಕೊಟ್ಟ ಮಾತ್ರಕ್ಕೆ ಆಸ್ಪತ್ರೆಯ ಸ್ಟೋರ್ ರೂಮಿಗೆ ಪೆನ್ ಸೂಜಿ ಬರುವುದಿಲ್ಲ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಆಸ್ಪತ್ರೆ ಔಷಧ ತಪ್ಪುಗಳನ್ನೂ, ಕೂದಲೆಳೆಯಲ್ಲಿ ತಪ್ಪಿದವುಗಳನ್ನೂ ದಾಖಲಿಸಲೇಬೇಕು. ಫಾರ್ಮ್ ಎಲ್ಲಿದೆ ಎಂದು ನರ್ಸಿಂಗ್ ಸೂಪರಿಂಟೆಂಡೆಂಟರನ್ನು ಕೇಳಿ. ಮನೆಯವರು ಕೇಸ್ ಶೀಟ್ ಮತ್ತು ಡ್ರಗ್ ಚಾರ್ಟಿನ ನಕಲಿಗೆ ಲಿಖಿತವಾಗಿ ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ಕೊಡಬೇಕೆಂದು ಆಗಿನ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳುತ್ತದೆ. ಔಷಧದಿಂದಾದ ತೊಂದರೆಯನ್ನು ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನಡೆಸುವ ಫಾರ್ಮಕೋವಿಜಿಲೆನ್ಸ್, ಅಂದರೆ ಔಷಧಗಳ ಅಡ್ಡಪರಿಣಾಮದ ಮೇಲೆ ಕಣ್ಣಿಡುವ ವ್ಯವಸ್ಥೆಗೂ ತಿಳಿಸಬಹುದು: ಉಚಿತ ಸಹಾಯವಾಣಿ 1800-180-3024. ಸಾರ್ವಜನಿಕರಿಗಾಗಿ ಕನ್ನಡದಲ್ಲೇ ಫಾರ್ಮ್ ಇದೆ, ತಿಳಿಸಿದವರ ಹೆಸರು ಗುಟ್ಟಾಗಿ ಉಳಿಯುತ್ತದೆ.

ಆಸ್ಪತ್ರೆಯ ಫಾರ್ಮಿನಲ್ಲಿ ‘ಸಿಸ್ಟರ್ ನಿರ್ಲಕ್ಷ್ಯ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: ‘ರಾತ್ರಿ 10 ಗಂಟೆ. ಗ್ಲಾರ್ಜಿನ್, 100ರ ಕಾರ್ಟ್ರಿಜ್. 40ರ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದು ಕೊಡಲಾಗಿದೆ, ಅಂದರೆ 50 ಯೂನಿಟ್. 3:30ಕ್ಕೆ ಶುಗರ್ 38. ವಾರ್ಡಿನಲ್ಲಿ ಪೆನ್ ಸೂಜಿ ಇರಲಿಲ್ಲ.’