ತುಮಕೂರಿನ ಈ ಇಎನ್‌ಟಿ ಕ್ಲಿನಿಕ್‌ಗೆ ಐದಕ್ಕೆ ನಾಲ್ಕು ಸ್ಟಾರ್

ಎಚ್‌ಐವಿ ಇದ್ದು ಏಆರ್‌ಟಿ (ಎಚ್‌ಐವಿ ಹತೋಟಿಯಲ್ಲಿಡುವ ಮಾತ್ರೆ) ತಗೊಳ್ಳುವ ನಮ್ಮಂಥವರು ಸೈನಸ್ ಅಂತ ಹೋದರೆ ಡಾಕ್ಟರ್ ಮೊದಲು ಕೇಳಬೇಕಾದ್ದು ಒಂದೇ, ಯಾವ ಮಾತ್ರೆ ನುಂಗುತ್ತಿದ್ದೀರಿ ಅಂತ. ಇಲ್ಲಿ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಕೆನ್ನೆ ಮೂಳೆ ಹತ್ತಿರ ನೋವು, ಬಗ್ಗಿದರೆ ತಲೆ ಸಿಡಿತ, ಗಂಟಲಿಗೆ ಇಳಿಯುವ ಹಳದಿ ಕಫ. ಸಾಮಾನ್ಯ ಶೀತ 10 ದಿನದೊಳಗೆ ಇಳಿಮುಖ ಆಗಬೇಕು, ಇದು ಆಗಲಿಲ್ಲ. ಮೊದಲು ತೋರಿಸಿದ ಕಡೆ ಏಆರ್‌ಟಿ ವಿಷಯ ಕೇಳದೆ ಫ್ಲುಟಿಕಾಸೋನ್ ಅನ್ನುವ ಸ್ಟೀರಾಯ್ಡ್ ಮೂಗಿನ ಸ್ಪ್ರೇ ಬರೆದುಕೊಟ್ಟಿದ್ದರು.

ಇಲ್ಲಿನ ಡಾಕ್ಟರಮ್ಮ ನನ್ನ ಮಾತ್ರೆ ಡಬ್ಬಿ ಈಸಿಕೊಂಡು ಲೇಬಲ್ ಮೇಲೆ ಬೆರಳಿಟ್ಟು ಓದಿದರು. ಅಟಜನವಿರ್, ರಿಟೊನವಿರ್. ತಕ್ಷಣ ಆ ಸ್ಪ್ರೇ ಬೇಡ ಅಂದರು. ರಿಟೊನವಿರ್ ಇದ್ದರೆ ಲಿವರ್ ಫ್ಲುಟಿಕಾಸೋನನ್ನು ಬೇಗ ಹೊರಹಾಕುವುದಿಲ್ಲ, ಅದು ರಕ್ತದಲ್ಲಿ ಏರುತ್ತಾ ಹೋಗಿ ಮುಖ ಊದಬಹುದು, ಶುಗರ್ ಜಾಸ್ತಿ ಆಗಬಹುದು, ದೇಹ ತಾನೇ ತಯಾರಿಸುವ ಸ್ಟೀರಾಯ್ಡ್ ನಿಂತೇ ಹೋಗಬಹುದು. ಬುಡೆಸೊನೈಡ್ ಕೂಡ ಹಾಗೇ. ಬದಲಿಗೆ ಬೆಕ್ಲೊಮೆಥಾಸೋನ್ ಬರೆದರು. ಬರೀ ಟಿಎಲ್‌ಡಿ (ರಿಟೊನವಿರ್ ಇಲ್ಲದ ಏಆರ್‌ಟಿ ಮಾತ್ರೆ) ತಗೊಳ್ಳುವವರಿಗೆ ಈ ತೊಂದರೆ ಇಲ್ಲವಂತೆ. ಆದರೆ ಆ ಸ್ಪ್ರೇ ತುಂಬಾ ದಿನದಿಂದ ಬಳಸುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ನಿಲ್ಲಿಸಿ.

ಸಿಡಿ4 (ರೋಗ ತಡೆಯುವ ರಕ್ತಕಣಗಳ ಎಣಿಕೆ) ಎಷ್ಟಿದೆ ಅಂತಲೂ ಕೇಳಿದರು. ಅದು ತುಂಬಾ ಕಡಿಮೆ ಇದ್ದರೆ ಫಂಗಸ್ ಇರಬಹುದಲ್ವಾ, ಆಗ ಸುಮ್ನೆ ಆಂಟಿಬಯೋಟಿಕ್ ಕೊಟ್ಟರೆ ಆಗಲ್ಲ. ಕಣ್ಣ ಸುತ್ತ ಊತ, ಎರಡೆರಡು ಕಾಣುವುದು, ಮೂಗಿನಿಂದ ಕಪ್ಪು ಸ್ರಾವ, ಇವು ಬಂದರೆ ಕ್ಲಿನಿಕ್‌ಗೆ ಬರಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ ಅಂದರು. ಉಪ್ಪುನೀರಿನಲ್ಲಿ ಮೂಗು ತೊಳೆಯಲು ಕುದಿಸಿ ಆರಿಸಿದ ನೀರೇ ಆಗಬೇಕು, ಬೋರ್‌ವೆಲ್ ನೀರು ಹಾಗೇ ಹಾಕಬಾರದು. ತೊಳೆದ ಮೇಲೆ ನನಗೆ ಉಸಿರು ಸಲೀಸಾಯಿತು.

ಒಂದು ಸ್ಟಾರ್ ಕಿತ್ತಿದ್ದು ರಿಸೆಪ್ಷನ್‌ಗೆ. ಕಾಯುತ್ತಿದ್ದವರೆಲ್ಲರ ಎದುರು "ಬೇರೆ ಏನು ಕಾಯಿಲೆ ಇದೆ?" ಅಂತ ಜೋರಾಗಿ ಕೇಳಿದರು. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ನಮ್ಮ ವಿಷಯ ಬಯಲಾಗುವಂತಿಲ್ಲ. ಒಂದು ಚೀಟಿ ಕೊಟ್ಟು ಬರೆಸಿಕೊಂಡರೆ ಸಾಕಲ್ವಾ? ಡಾಕ್ಟರ್‌ಗೆ ಹೇಳಿದೆ, ಬದಲಾಯಿಸುತ್ತೇವೆ ಅಂದಿದ್ದಾರೆ.

ಸಂಜೆ ರಷ್ ಜಾಸ್ತಿ, ಬೆಳಗ್ಗೆ ಹೋಗಿ. ಏಆರ್‌ಟಿ ಬುಕ್, ಮಾತ್ರೆ ಡಬ್ಬಿ ಎರಡೂ ಜೊತೆಗಿರಲಿ.